ಗ್ಲುಕಗಾನ್ ಚುಚ್ಚುಮದ್ದು: ಬಳಕೆಯ ಚರಿತ್ರೆ

ಗ್ಲುಕಗಾನ್ ಮೇದೋಜೀರಕ ಗ್ರಂಥಿಯ ಆಲ್ಫಾ ಕೋಶಗಳಲ್ಲಿ ಹುಟ್ಟುವ, 29 ಅಮೈನೊ ಆಮ್ಲಗಳ ಹಾರ್ಮೋನು. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ, ಏನನ್ನೂ ನುಂಗಲಾಗದ ಮಧುಮೇಹಿಗೆ ಕೊಡುವ ತುರ್ತು ಔಷಧವೂ ಇದೇ. ಭಾರತದಲ್ಲಿ ಇದು ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಷೆಡ್ಯೂಲ್ ಎಚ್ ಔಷಧಗಳ ಸಾಲಿನಲ್ಲಿದೆ. ಇದರೊಳಗೆ ಸಕ್ಕರೆ ಇಲ್ಲ. ಯಕೃತ್ತು ಗ್ಲೈಕೊಜೆನ್ ಆಗಿ ಕೂಡಿಟ್ಟುಕೊಂಡ ಸಕ್ಕರೆಯನ್ನು ಬಿಡಿಸಿ ರಕ್ತಕ್ಕೆ ಹರಿಸುವುದಷ್ಟೇ ಇದರ ಕೆಲಸ. ದಾಸ್ತಾನೇ ಖಾಲಿಯಾಗಿದ್ದರೆ ಔಷಧ ಕೊಟ್ಟೂ ಫಲವಿಲ್ಲ.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದ ಹೊಸತರಲ್ಲೇ, ಮೇದೋಜೀರಕದ ಕೆಲವು ಸಾರಗಳು ಸಕ್ಕರೆಯನ್ನು ಇಳಿಸುವ ಮೊದಲು ಸ್ವಲ್ಪ ಹೊತ್ತು ಏರಿಸುವುದು ಕಂಡುಬಂದಿತ್ತು. ಅಮೆರಿಕದ ರಾಚೆಸ್ಟರ್‌ನಲ್ಲಿದ್ದ ಕಿಂಬಲ್ ಮತ್ತು ಮರ್ಲಿನ್ 1923ರಲ್ಲಿ ಆ ಏರಿಸುವ ಅಂಶಕ್ಕೆ ಗ್ಲುಕಗಾನ್ ಎಂದು ಹೆಸರಿಟ್ಟರು. ಆದರೂ ಎಷ್ಟೋ ವರ್ಷ ಅದನ್ನು ಇನ್ಸುಲಿನ್ನಿಗೆ ಅಂಟಿಕೊಂಡ ಕೊಳೆ ಎಂದೇ ನೋಡಲಾಯಿತು. 1948ರಲ್ಲಿ ಸದರ್‌ಲ್ಯಾಂಡ್ ಮತ್ತು ಡಿ ಡ್ಯೂವ್ ಅದರ ಮೂಲ ಆಲ್ಫಾ ಕೋಶಗಳಿರಬೇಕೆಂದು ತೋರಿಸಿದರು. ಮುಂದೆ ಇಬ್ಬರಿಗೂ ಬೇರೆ ಬೇರೆ ಕಾರಣಕ್ಕೆ ನೊಬೆಲ್ ಬಂತು. ಸದರ್‌ಲ್ಯಾಂಡ್‌ಗೆ 1971ರಲ್ಲಿ ಬಂದ ಬಹುಮಾನದ ಬೇರು ಮಾತ್ರ ಯಕೃತ್ತು ಸಕ್ಕರೆ ಬಿಡಿಸುವ ಬಗೆಯ ಈ ಅಧ್ಯಯನದಲ್ಲೇ ಇತ್ತು. ಎಲಿ ಲಿಲ್ಲಿ ಕಂಪನಿಯವರು 1953ರಲ್ಲಿ ಗ್ಲುಕಗಾನ್ ಅನ್ನು ಹರಳು ರೂಪದಲ್ಲಿ ಶುದ್ಧೀಕರಿಸಿದರು, 1957ರಲ್ಲಿ ಅಮೈನೊ ಆಮ್ಲಗಳ ಜೋಡಣೆ ತಿಳಿಯಿತು, 1960ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ದೊರೆಯಿತು. ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇದನ್ನು 1998ರಿಂದ ಜೀನ್ ತಂತ್ರಜ್ಞಾನದಲ್ಲಿ ತಯಾರಿಸಿ ಮಾರುವುದು ಶುರುವಾಯಿತು.

ಕರ್ನಾಟಕದಲ್ಲಿ ಈ ಔಷಧ ಯಾರಿಗೆ ಬೇಕಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. 1995ರಿಂದ 2008ರವರೆಗಿನ ಕರ್ನಾಟಕ ಮಧುಮೇಹ ನೋಂದಣಿಯ ಪ್ರಕಾರ ಪ್ರತಿ ಲಕ್ಷ ಮಕ್ಕಳಿಗೆ ಹೊಸದಾಗಿ ಬರುವ ಟೈಪ್ 1 ಮಧುಮೇಹ ಹುಡುಗರಲ್ಲಿ 3.7, ಹುಡುಗಿಯರಲ್ಲಿ 4.0. ಇವರೆಲ್ಲ ಇನ್ಸುಲಿನ್ ಇಲ್ಲದೆ ಬದುಕಲಾರದವರು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಮಾರುಕಟ್ಟೆಗೆ ತಂದ ಮೇಲೆ ಮಾನವ ಇನ್ಸುಲಿನ್ ಊರಿನಲ್ಲೇ ತಯಾರಾಗತೊಡಗಿತು. ದಕ್ಷಿಣ ಬೆಂಗಳೂರಿನವರಿಗೆ ಜಯನಗರದ ಸರ್ಕಾರಿ ಎಂಡೊಕ್ರೈನಾಲಜಿ ಸಂಸ್ಥೆಯೂ ಹತ್ತಿರ. ಇನ್ಸುಲಿನ್ ಸುಲಭವಾದಷ್ಟೂ ಅದರ ಅಳತೆ ತಪ್ಪುವ ಸಂದರ್ಭಗಳೂ ಹೆಚ್ಚುತ್ತವೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಗೆ 40 ಯೂನಿಟ್, ಪೆನ್ನಿನದು 100. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಕೆಂಪು ಸಿರಿಂಜಿನಲ್ಲಿ 100ರ ಇನ್ಸುಲಿನ್ ಎಳೆದರೆ ಎರಡೂವರೆ ಪಟ್ಟು ಮೈಗೆ ಸೇರುತ್ತದೆ. ‘ಲೋ ಶುಗರ್’ಗೆ, ಅಂದರೆ ರಕ್ತದ ಸಕ್ಕರೆ ಕುಸಿಯಲು, ಇಷ್ಟು ಸಾಕು.

ಬೆವರು, ಕೈನಡುಕ, ಎದೆ ಡವಡವ, ತೊದಲು ಮಾತು ಶುರುವಾದಾಗ, ಮೀಟರ್ 70ಕ್ಕಿಂತ ಕೆಳಗೆ ತೋರಿದಾಗ, ಎಚ್ಚರವಿದ್ದವರಿಗೆ ಗ್ಲುಕಗಾನ್ ಬೇಡ. 15 ಗ್ರಾಂ ಗ್ಲೂಕೋಸ್ ಅಥವಾ ಮೂರು ನಾಲ್ಕು ಚಮಚ ಸಕ್ಕರೆ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ನುಂಗುವವರಿಗೆ ಮನೆಯ ಸಕ್ಕರೆ ಬೇಗ ಜೀರ್ಣವಾಗದು, ಗ್ಲೂಕೋಸ್ ಪುಡಿಯೇ ಆಗಬೇಕು. ಈ ಮಾತ್ರೆಗಳು ನಮ್ಮಲ್ಲಿ ಎಷ್ಟು ಸಾಮಾನ್ಯವೋ ಈ ಎಚ್ಚರಿಕೆ ಅಷ್ಟೇ ಅಪರೂಪ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಲು, ಜ್ಯೂಸ್, ಬೆಲ್ಲದ ನೀರು ಯಾವುದನ್ನೂ ಸುರಿಯಬಾರದು. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಗ್ಲುಕಗಾನ್‌ನ ಪಾಳಿ ಬರುವುದು ಆಗ.

ಔಷಧವಾಗಿ ಆರು ದಶಕ ಇದನ್ನು ಕಾಡಿದ ತೊಂದರೆ ಒಂದೇ: ನೀರಿನಲ್ಲಿ ಕರಗಿಸಿಟ್ಟರೆ ಗ್ಲುಕಗಾನ್ ಎಳೆಎಳೆಯಾಗಿ ಕೆಡುತ್ತದೆ. ಹಾಗಾಗಿ ಪುಡಿಯ ಸೀಸೆ ಒಂದೆಡೆ, ದ್ರಾವಣ ತುಂಬಿದ ಸಿರಿಂಜು ಇನ್ನೊಂದೆಡೆ ಇಟ್ಟ ಕಿತ್ತಳೆ ಡಬ್ಬಿ. ದ್ರಾವಣವನ್ನು ಸೀಸೆಗೆ ಹಾಕಿ, ಮೆಲ್ಲಗೆ ತಿರುಗಿಸಿ, ತಿಳಿಯಾದ ಮೇಲೆ ಮತ್ತೆ ಎಳೆದು, ತೊಡೆಯ ಹೊರಬದಿಗೆ ಚುಚ್ಚಬೇಕು. ದೊಡ್ಡವರಿಗೆ 1 ಮಿಲಿಗ್ರಾಂ, 25 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಅರ್ಧ. ಕಲಸಿದ್ದನ್ನು ಆಗಲೇ ಬಳಸಬೇಕು, ಎತ್ತಿಡುವಂತಿಲ್ಲ. ಎದುರಿಗೆ ಮಗ ನಡುಗುತ್ತ ಬಿದ್ದಿರುವಾಗ ಇಷ್ಟೆಲ್ಲ ಮಾಡಬೇಕಾದವರು ತಾಯಿಯೋ ಅಜ್ಜನೋ. 2017ರಲ್ಲಿ ಪ್ರಕಟವಾದ ಅಣಕು ಪ್ರಯೋಗವೊಂದರಲ್ಲಿ ತರಬೇತಿ ಪಡೆದ 16 ಮಂದಿ ಮನೆಯವರಲ್ಲಿ ಮೂಗಿಗೆ ಹಾಕುವ ಗ್ಲುಕಗಾನ್ ಪುಡಿಯನ್ನು 15 ಮಂದಿ ಪೂರ್ಣವಾಗಿ ಕೊಟ್ಟರು. ಚುಚ್ಚುಮದ್ದಿನಲ್ಲಿ ಪೂರ್ಣ ಪ್ರಮಾಣ ಕೊಟ್ಟವರು ಇಬ್ಬರೇ. ಗಾಬರಿಯಲ್ಲಿ ಇನ್ಸುಲಿನ್ನನ್ನೇ ಚುಚ್ಚಲು ಹೊರಟವರೂ ಇದ್ದರು. ಆ ಮೂಗಿನ ಪುಡಿಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು, ಕೆಡದ ದ್ರವರೂಪದ ಗ್ಲುಕಗಾನ್‌ಗೂ ಅದೇ ವರ್ಷ. 2021ರಲ್ಲಿ ಗ್ಲುಕಗಾನ್ ಅನ್ನೇ ಹೋಲುವ ಡಾಸಿಗ್ಲುಕಗಾನ್ ಬಂತು.

ಬೆಂಗಳೂರಿನ ಹವೆ ತಂಪೆಂಬ ನಂಬಿಕೆಯಲ್ಲಿ ಡಬ್ಬಿಯನ್ನು ಅಡುಗೆಮನೆಯ ಗೂಡಿನಲ್ಲಿ ಇಡುವುದು ಸರಿಯಲ್ಲ. 25 ಡಿಗ್ರಿ ಮೀರಬಾರದು, ಏಪ್ರಿಲ್‌ನಲ್ಲಿ ಇಲ್ಲಿ 34 ಮುಟ್ಟುತ್ತದೆ. ಫ್ರಿಜ್ಜಿನ ಬಾಗಿಲು ಆಗಬಹುದು, ಫ್ರೀಜರ್ ಬೇಡ. ಅವಧಿ ಮುಗಿಯುವ ದಿನಾಂಕವನ್ನು ಹೊರಗೆ ದೊಡ್ಡದಾಗಿ ಬರೆದಿಟ್ಟರೆ ಒಳ್ಳೆಯದು. ಅಡ್ರಿನಲ್ ಗ್ರಂಥಿಯ ಫಿಯೊಕ್ರೊಮೊಸೈಟೋಮ, ಇನ್ಸುಲಿನೋಮ ಗಡ್ಡೆ ಇರುವವರಿಗೆ ಈ ಔಷಧ ಕೂಡದು. ವಾರ್ಫರಿನ್, ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ಹೇಳಿರಬೇಕು.

ಏಕಾದಶಿ, ಶಿವರಾತ್ರಿ ತಪ್ಪಿಸದ ಹಿರಿಯರು ಗಿರಿನಗರ, ಬನಶಂಕರಿಯ ಮನೆಗಳಲ್ಲಿ ಇನ್ನೂ ಇದ್ದಾರೆ. ಇಡೀ ದಿನ ಹೊಟ್ಟೆ ಖಾಲಿ ಬಿಟ್ಟವರ ಯಕೃತ್ತಿನಲ್ಲಿ ಗ್ಲೈಕೊಜೆನ್ ತೀರುತ್ತ ಬರುತ್ತದೆ, ವಿಪರೀತ ಕುಡಿದವರಲ್ಲೂ ಇದೇ ಕಥೆ. ಅಂಥವರಿಗೆ ಚುಚ್ಚುಮದ್ದು ನಾಟದಿರಬಹುದು, ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಹೋಗಬೇಕು. ಉಪವಾಸದ ದಿನದ ಮಾತ್ರೆ, ಇನ್ಸುಲಿನ್ ಎಷ್ಟು ಎಂದು ಹಿಂದಿನ ವಾರವೇ ವೈದ್ಯರಲ್ಲಿ ಕೇಳಿಕೊಳ್ಳುವುದು ಔಷಧಕ್ಕಿಂತ ಅಗ್ಗ.

ಚುಚ್ಚಿದ ಕೂಡಲೇ ರೋಗಿಯನ್ನು ಪಕ್ಕಕ್ಕೆ ಮಲಗಿಸಬೇಕು, ವಾಂತಿ ಸಾಮಾನ್ಯ. ಜೊತೆಗೇ 108ಕ್ಕೆ ಕರೆ. ಕರ್ನಾಟಕದಲ್ಲಿ ಈ ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಓಡುತ್ತಿದೆ. ಹತ್ತು ಹದಿನೈದು ನಿಮಿಷದಲ್ಲಿ ಕಣ್ಣು ಬಿಟ್ಟವರಿಗೆ ನುಂಗಲು ಬಂದೊಡನೆ ಸಿಹಿ, ಬಳಿಕ ಊಟ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ನುಂಗುವ ವಯಸ್ಸಾದವರಾದರೆ ಎದ್ದು ಕೂತು ಮಾತಾಡಿದರೂ ಮನೆಯಲ್ಲಿ ಇಟ್ಟುಕೊಳ್ಳಬಾರದು: ಆ ಮಾತ್ರೆಗಳು ಗಂಟೆಗಟ್ಟಲೆ ಇನ್ಸುಲಿನ್ ಸುರಿಸುತ್ತಲೇ ಇರುವುದರಿಂದ ಸಕ್ಕರೆ ಮತ್ತೆ ಕುಸಿಯುತ್ತದೆ, ಆಸ್ಪತ್ರೆಯಲ್ಲಿ ಒಂದು ದಿನವಾದರೂ ನಿಗಾ ಬೇಕಾಗುತ್ತದೆ.