ಬಸ್ಸಿನ ಕವರಿನಿಂದ ವಾಟ್ಸಾಪ್ ಗ್ರೂಪಿಗೆ

ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕವರು ಮುಟ್ಟದಿದ್ದರೆ ಆ ದಿನದ ಸುದ್ದಿ ಹಳಸಿತೆಂದೇ ಲೆಕ್ಕ. ತಾಲೂಕು ಕೇಂದ್ರಗಳ ವರದಿಗಾರರ ದಿನಚರಿ ಬಹುಕಾಲ ನಡೆದದ್ದೇ ಹೀಗೆ, ಬಸ್ಸಿನ ವೇಳೆ ನೋಡಿಕೊಂಡು. ಕವರಿನೊಳಗೆ ಒಂದು ಅಪಘಾತ, ಎರಡು ಸನ್ಮಾನ, ಒಂದು ನಿಧನ ವಾರ್ತೆ, ಜೊತೆಗೆ ಯಾರೋ ಹೋಟೆಲಿನಲ್ಲಿ ಕೈಗೆ ತುರುಕಿದ ಮನವಿ ಪತ್ರ. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು. ಈಗ ವರದಿಗಾರ ಬೈಕ್ ಹತ್ತುವ ಮುಂಚೆಯೇ ಅಪಘಾತದ ವಿಡಿಯೊ ಅವನ ಫೋನಿಗೆ ಬಂದು ಬಿದ್ದಿರುತ್ತದೆ. ಕಳಿಸಿದವನು ಓದುಗ.

ಸುದ್ದಿಯಲ್ಲಿ ಓದುಗ ಪಾಲು ಕೇಳಿದ್ದು ಫೇಸ್‌ಬುಕ್ ಬಂದ ಮೇಲೆ ಎಂದು ಹೇಳುವವರಿದ್ದಾರೆ. ಕನ್ನಡದ ಚರಿತ್ರೆ ಅದನ್ನು ಒಪ್ಪುವುದಿಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಶುರುಮಾಡಿದ ‘ಮಂಗಳೂರ ಸಮಾಚಾರ’ದಲ್ಲಿಯೇ ಊರಿನ ವರ್ತಮಾನಕ್ಕೆ ಜಾಗವಿತ್ತು. 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ‘ಕುಗ್ರಾಮ ಗುರುತಿಸಿ’ ಎಂದು ಓದುಗರನ್ನೇ ಕೇಳಿತು. ರಸ್ತೆ, ಸೇತುವೆ ಕಾಣದ ಹಳ್ಳಿಗಳ ಹೆಸರು ಓದುಗರಿಂದಲೇ ಬಂದವು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಇನ್ನೂ ಮುಂದೆ ಹೋಗಿ, ಓದುಗರಿಂದ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ಕಟ್ಟಿದರು. ಪತ್ರಿಕೆ ಬಹಳ ಕಾಲ ಬಾಳಲಿಲ್ಲ. ಆದರೂ ಓದುಗನನ್ನು ಗಿರಾಕಿಯ ಸ್ಥಾನದಿಂದ ಎಬ್ಬಿಸಿ ಮಾಲೀಕನ ಕುರ್ಚಿಯಲ್ಲಿ ಕೂರಿಸುವ ಧೈರ್ಯ ಇಂದಿನ ಯಾವ ಆ್ಯಪಿಗೂ ಬಂದಿಲ್ಲ. ಪುತ್ತೂರಿನ ‘ಅಡಿಕೆ ಪತ್ರಿಕೆ’ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದರ ಕಥೆಗೆ ಮತ್ತೆ ಬರುತ್ತೇನೆ.

ಜಾಲತಾಣಗಳ ಮೊದಲ ಅಲೆಗೆ ಕಾರಣ ಊರು ಬಿಟ್ಟವರು. 2001ರಲ್ಲಿ ಮಂಗಳೂರಿನ ‘ದಾಯ್ಜಿವರ್ಲ್ಡ್’ ಆರಂಭವಾದಾಗ ಕರಾವಳಿಯ ಹಲವು ಕುಟುಂಬಗಳಲ್ಲಿ ಒಬ್ಬರಾದರೂ ದುಬೈ, ಕುವೈತ್, ಮಸ್ಕತ್‌ಗಳಲ್ಲಿ ಇರುತ್ತಿದ್ದರು. ಅವರಿಗೆ ಬೇಕಿದ್ದದ್ದು ದಿಲ್ಲಿಯ ರಾಜಕೀಯವಲ್ಲ. ಚರ್ಚಿನ ಹಬ್ಬ, ನೆರೆಮನೆಯ ಮದುವೆ, ಸಾವಿನ ಸುದ್ದಿ. ಆಗ ಕನ್ನಡ ಓದುವುದೇ ಒಂದು ಸಾಹಸ, ಒಂದೊಂದು ತಾಣಕ್ಕೂ ಒಂದೊಂದು ಫಾಂಟು. ಮುಂದೆ ಮೊಬೈಲ್ ಬಂದಾಗಲೂ ಹಲವು ವರ್ಷ ಕನ್ನಡವೆಂದರೆ ಪರದೆಯ ಮೇಲೆ ಸಾಲು ಸಾಲು ಖಾಲಿ ಚೌಕಗಳು. ಯುನಿಕೋಡ್ ನೆಲೆಯೂರಿ, ಫೋನುಗಳಲ್ಲಿ ಅಕ್ಷರ ಸರಿಯಾಗಿ ಮೂಡತೊಡಗಿದ ಮೇಲೆಯೇ ಜಿಲ್ಲಾ ಪತ್ರಿಕೆಗಳಿಗೆ ಸಾಮಾಜಿಕ ಜಾಲತಾಣದ ಬಾಗಿಲು ತೆರೆದದ್ದು.

ಫೇಸ್‌ಬುಕ್ ಕಾಲದ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಪುಟ ತೆರೆದರು, ಲಿಂಕ್ ಹಾಕಿದರು, ಲೈಕ್ ಎಣಿಸಿದರು. 2018ರ ಜನವರಿಯಲ್ಲಿ ಕಂಪನಿ ಸುದ್ದಿಸಂಸ್ಥೆಗಳಿಗಿಂತ ಗೆಳೆಯರು, ಬಂಧುಗಳ ಬರಹಗಳನ್ನೇ ಮುಂದೆ ತೋರಿಸುವುದಾಗಿ ಹೇಳಿತು. ಪರರ ಜಗಲಿಯ ಮೇಲೆ ಅಂಗಡಿ ಇಟ್ಟವರಿಗೆ ಮನೆಯೊಡೆಯ ಜಗಲಿ ಖಾಲಿಮಾಡಿ ಎಂದಂತಾಯಿತು.

ಅಷ್ಟರಲ್ಲಿ ಕರ್ನಾಟಕದ ಊರುಗಳು ಬೇರೆಡೆಗೆ ಸರಿದಿದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ವಾಟ್ಸಾಪ್ ಊರಿನ ಹೊಸ ಅರಳಿಕಟ್ಟೆಯಾಯಿತು. ಸ್ಥಳೀಯ ವರದಿಗಾರ ತನ್ನ ಪತ್ರಿಕೆಯ ಹೆಸರಿನಲ್ಲಿ ಗ್ರೂಪ್ ಮಾಡಿದ. ಒಂದು ತುಂಬಿದರೆ ಎರಡು, ಮೂರು ಎಂದು ಸಂಖ್ಯೆ ಹಾಕಿದ. ಈ ಗ್ರೂಪುಗಳಲ್ಲಿ ಜನ ಕಾಯುವುದು ಏನನ್ನು ಎಂದು ಗಮನಿಸಿದರೆ ಸ್ಥಳೀಯ ಪತ್ರಿಕೋದ್ಯಮದ ಗುಟ್ಟು ತಿಳಿಯುತ್ತದೆ: ನಾಳೆ ಎಲ್ಲೆಲ್ಲಿ ಕರೆಂಟ್ ಇಲ್ಲ, ಮಳೆಗೆ ಶಾಲೆಗೆ ರಜೆಯೇ, ಘಾಟಿಯಲ್ಲಿ ಮರ ಬಿದ್ದಿದೆಯೇ, ಇವತ್ತಿನ ಅಡಿಕೆ ಧಾರಣೆ ಎಷ್ಟು. ಶಿರಸಿ, ಶಿವಮೊಗ್ಗ ಕಡೆಯ ಬೆಳೆಗಾರನಿಗೆ ಮುಖ್ಯಮಂತ್ರಿಯ ಹೇಳಿಕೆಗಿಂತ ರಾಶಿ ಅಡಿಕೆಯ ದರವೇ ಮುಖಪುಟ. ಇದನ್ನು ಕೀಳು ಅಭಿರುಚಿ ಎನ್ನುವ ಸಂಪಾದಕರು ಇದ್ದಾರೆ. ನನ್ನ ಮಟ್ಟಿಗೆ ಪತ್ರಿಕೆ ಬದುಕಿರುವುದೇ ಇಂಥ ಉಪಯೋಗದಿಂದ.

2020ರ ಲಾಕ್‌ಡೌನ್ ಈ ಸಂಬಂಧವನ್ನು ಒರೆಗೆ ಹಚ್ಚಿತು. ಕಾಗದದಿಂದ ಸೋಂಕು ಹರಡುತ್ತದೆಂಬ ಭಯಕ್ಕೆ ಮನೆಗಳು ಪತ್ರಿಕೆ ನಿಲ್ಲಿಸಿದವು, ಪುಟಗಳು ಪಿಡಿಎಫ್ ಆಗಿ ಗ್ರೂಪುಗಳಲ್ಲಿ ಹರಿದಾಡಿದವು. ಪತ್ರಿಕಾ ಮಾಲೀಕರ ಸಂಘ ಇದು ಅಕ್ರಮವೆಂದಿತು. ಆ ಮೇ ತಿಂಗಳಲ್ಲಿ ‘ದೈನಿಕ್ ಜಾಗರಣ್’ನ ದೂರಿನ ಮೇಲೆ ದಿಲ್ಲಿ ಹೈಕೋರ್ಟ್ ಟೆಲಿಗ್ರಾಂಗೆ ಅಂಥ ಚಾನೆಲ್‌ಗಳನ್ನು ತೆಗೆಯಲು ಹೇಳಿತು. ಸಣ್ಣ ಜಿಲ್ಲಾ ಪತ್ರಿಕೆಗಳದ್ದು ಉಲ್ಟಾ ದಾರಿ. ಮುದ್ರಣದ ಖರ್ಚು ಉಳಿಯಿತೆಂದು ತಾವೇ ಪಿಡಿಎಫ್ ಹಂಚಿದವು. ಓದು ಉಳಿಯಿತು, ಬಿಡಿಪ್ರತಿಯ ಕಾಸು ಮಾತ್ರ ಮತ್ತೆ ಪೂರ್ತಿ ಮರಳಲಿಲ್ಲ.

ಈಗ ‘ಅಡಿಕೆ ಪತ್ರಿಕೆ’ಯ ಕಥೆ. 2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದೆ ಗೊನೆಗಳು ತೋಟದಲ್ಲೇ ಕೊಳೆಯುತ್ತಿದ್ದಾಗ ಪತ್ರಿಕೆಯೂ ‘ಎನಿ ಟೈಮ್ ವೆಜಿಟೆಬಲ್’ ಎಂಬ ವಾಟ್ಸಾಪ್ ಗುಂಪೂ ಸೇರಿ ಬಾಳೆಕಾಯಿ ಹುಡಿಯ ಪ್ರಚಾರಕ್ಕಿಳಿದವು. ‘ಬಾಕಾಹು’ ಎಂದು ಹೆಸರಿಟ್ಟರು, ಬಾಳೆ, ಕಾಯಿ, ಹುಡಿಗಳ ಮೊದಲಕ್ಷರ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಗಳಲ್ಲಿ ಹೆಂಗಸರು ಕಾಯಿ ಹೆಚ್ಚಿ ಒಣಗಿಸಿ ಪುಡಿ ಮಾಡಿ, ದೋಸೆ, ಗುಲಾಬ್ ಜಾಮೂನ್ ಮಾಡಿ ಫೋಟೊ ಹಾಕಿದರು. ಒಬ್ಬರ ಹದ ಕೆಟ್ಟರೆ ಇನ್ನೊಬ್ಬರು ತಿದ್ದಿದರು. ಕೊನೆಗೆ ಪ್ರಧಾನಿಯ ‘ಮನ್ ಕೀ ಬಾತ್’ನಲ್ಲೂ ಪ್ರಸ್ತಾಪವಾಯಿತು. ಇಲ್ಲಿ ಲೈಕುಗಳ ಲೆಕ್ಕ ಯಾರೂ ಇಡಲಿಲ್ಲ. ಬಂದ ಉತ್ತರಗಳೆಲ್ಲ ಅಡುಗೆಮನೆಯಿಂದ ಬಂದವು.

ಅದೇ ವಾಟ್ಸಾಪ್ ಕಟ್ಟೆಯ ಮೇಲೆ ವಿಷವೂ ಮಾರಾಟವಾಗುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಹಬ್ಬಿಸಿದರು. ಗುಂಪು ಒಬ್ಬ ಯುವಕನನ್ನು ಕೊಂದೇ ಹಾಕಿತು. ಪೊಲೀಸರು ಗ್ರೂಪ್ ಅಡ್ಮಿನ್‌ನನ್ನೂ ಹಿಡಿದರು. ಅದೇ ತಿಂಗಳು ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಎಂಬ ಮಿತಿ ಬಂತು. ಊರಿನ ವರದಿಗಾರನ ಕೆಲಸ ಅಂದಿನಿಂದ ಇಮ್ಮಡಿ. ಸುದ್ದಿ ಹಾಕುವುದಷ್ಟೇ ಸಾಲದು, ‘ಇದು ಸುಳ್ಳು’ ಎಂದು ರಾತ್ರಿ ಹನ್ನೊಂದಕ್ಕೂ ಟೈಪ್ ಮಾಡಬೇಕು. ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ವಿಡಿಯೊದ ದಾರಿ ಬೇರೆ. ಕರಾವಳಿಯಲ್ಲಿ ‘ನಮ್ಮ ಕುಡ್ಲ’, ‘ವಿ4 ನ್ಯೂಸ್’ನಂಥ ಕೇಬಲ್ ವಾಹಿನಿಗಳು ಮೊದಲೇ ಬೇರೂರಿದ್ದವು. ಯೂಟ್ಯೂಬ್ ಅವುಗಳಿಗೆ ತಂತಿಯಿಲ್ಲದ ಕೇಬಲ್ ಆಯಿತು. ಕಂಬಳ, ಯಕ್ಷಗಾನ, ಬ್ರಹ್ಮಕಲಶದ ಲೈವ್ ಅಬುಧಾಬಿಯವರೆಗೆ ಹರಿಯಿತು. ಆಮೇಲೆ ಒಂದು ಫೋನು, ಒಂದು ಮೈಕು ಇಟ್ಟುಕೊಂಡವರೂ ಚಾನೆಲ್ ತೆರೆದರು. ಅವರಲ್ಲಿ ದೊಡ್ಡ ಪತ್ರಿಕೆಗಳು ಮುಟ್ಟದ ಸುದ್ದಿ ಮುಟ್ಟಿದವರಿದ್ದಾರೆ, ಬೈಕಿಗೆ ‘ಪ್ರೆಸ್’ ಎಂದು ಅಂಟಿಸಿಕೊಂಡು ಹೆದರಿಸಿ ಹಣ ಕೀಳುವವರೂ ಇದ್ದಾರೆ. ಯಾರು ಯಾವ ಕಡೆ ಎಂದು ಥಂಬ್‌ನೇಲ್ ನೋಡಿ ಹೇಳಲಾಗದು. ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿದೆಯೆಂಬ ಆರೋಪದ 2025ರ ಪ್ರಕರಣದಲ್ಲಿ ಈ ಗೊಂದಲ ನ್ಯಾಯಾಲಯಕ್ಕೇ ಹೋಯಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ಎಂಟು ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯಲು ಹೇಳಿತು. ಕರಾವಳಿಯದೇ ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಗಿ ಆಗಸ್ಟ್ ಆರಂಭದಲ್ಲಿ ಆದೇಶವನ್ನು ರದ್ದು ಮಾಡಿಸಿತು. ಆರೋಪಗಳ ಸತ್ಯಾಸತ್ಯ ತನಿಖೆಗೆ ಬಿಟ್ಟದ್ದು. ಆದರೆ ಕೈಯಲ್ಲಿ ಫೋನಷ್ಟೇ ಇರುವವನೂ ಸುದ್ದಿಯ ಹಕ್ಕಿಗಾಗಿ ಕೋರ್ಟು ಹತ್ತಬಲ್ಲ ಎಂಬುದು ಹೊಸತು.

ಓದುಗನನ್ನು ಕೆಲಸಕ್ಕೇ ಹಚ್ಚಿದವರೂ ಇದ್ದಾರೆ. 2023ರ ವಿಧಾನಸಭಾ ಚುನಾವಣೆಗೆ ‘ಈ ದಿನ’ ಸುದ್ದಿತಾಣ ತಾನು ತರಬೇತಿ ಕೊಟ್ಟ ನಾಗರಿಕ ಪತ್ರಕರ್ತರಿಂದಲೇ ಮನೆಮನೆ ಸಮೀಕ್ಷೆ ಮಾಡಿಸಿ, ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನ ಎಂದಿತು. ಬಂದದ್ದು 135.

2023ರ ಸೆಪ್ಟೆಂಬರಿನಲ್ಲಿ ವಾಟ್ಸಾಪ್ ಚಾನೆಲ್ ಬಂದ ಮೇಲೆ ಪತ್ರಿಕೆಗಳು ಗ್ರೂಪು ಬಿಟ್ಟು ಅತ್ತ ಹೊರಟಿವೆ. ಜಗಳ, ಫಾರ್ವರ್ಡು, ಗುಡ್ ಮಾರ್ನಿಂಗ್ ಹೂವಿನ ಕಾಟವಿಲ್ಲ. ಆದರೆ ಅಲ್ಲಿ ಓದುಗನ ನಂಬರು ಪತ್ರಿಕೆಗೆ ಕಾಣುವುದಿಲ್ಲ. ಹಿಂದೆ ಇನ್‌ಲ್ಯಾಂಡ್ ಲೆಟರ್ ತುಂಬ ಬರೆಯುತ್ತಿದ್ದವನಿಗೆ ಉಳಿದದ್ದು ಹೆಚ್ಚೆಂದರೆ ಒಂದು ಇಮೋಜಿ. ಹಾಗಾಗಿ ಅವನು ಚಾನೆಲ್ಲನ್ನು ಪಕ್ಕಕ್ಕಿಟ್ಟು ನೇರವಾಗಿ ವರದಿಗಾರನಿಗೇ ಫೋನ್ ಹಚ್ಚುತ್ತಾನೆ: “ನಮ್ಮ ಸಂಕದ ಸುದ್ದಿ ಹಾಕ್ಲೇ ಇಲ್ವಲ್ಲ ಮಾರಾಯ್ರೆ, ಫೋಟೊ ಕಳಿಸಿ ಎಂಟು ದಿನ ಆಯ್ತು!”