ಬೆರಳಗುರುತಿನ ಕಸುಬು ಮತ್ತು ಅನುವಂಶೀಯತೆಯ ಲೆಕ್ಕ

ಮನುಷ್ಯರು ಒಬ್ಬರಂತೆ ಒಬ್ಬರಿಲ್ಲದಿರುವುದಕ್ಕೆ ಹುಟ್ಟಿನೊಡನೆ ಬಂದದ್ದು ಎಷ್ಟು ಕಾರಣ, ಬೆಳೆದ ಬಗೆ ಎಷ್ಟು ಕಾರಣ ಎಂಬ ಚರ್ಚೆಗೆ ಈಗಿನ ರೂಪ ಬಂದದ್ದು ಬಹುಮಟ್ಟಿಗೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅವರಿಂದ. 1875ರಲ್ಲಿ ಅವಳಿಗಳ ಜೀವನವೃತ್ತಾಂತಗಳನ್ನು ಕಲೆಹಾಕಿ, ಪ್ರಕೃತಿಯನ್ನು ಒಂದು ತಟ್ಟೆಯಲ್ಲೂ ಪೋಷಣೆಯನ್ನು ಇನ್ನೊಂದರಲ್ಲೂ ಇಟ್ಟು ತೂಗಿದ ಅವರು ತಕ್ಕಡಿ ಪ್ರಕೃತಿಯ ಕಡೆಗೇ ವಾಲುತ್ತದೆಂದು ತೀರ್ಮಾನಿಸಿದರು. 1892ರಲ್ಲಿ ಬೆರಳಗುರುತುಗಳನ್ನು ಕುರಿತು ಗ್ರಂಥ ಬರೆದಾಗಲೂ ಅವರು ಅರಸುತ್ತಿದ್ದದ್ದು ವಂಶದ ಮುದ್ರೆಯನ್ನೇ. ಆದರೆ ಅಷ್ಟರಲ್ಲಾಗಲೇ ಬಂಗಾಳದ ಸರ್ಕಾರಿ ಕಚೇರಿಗಳಲ್ಲಿ ಶುರುವಾಗಿದ್ದ ಒಂದು ರೂಢಿ ಅದೇ ಗುರುತನ್ನು ತೀರ ಬೇರೆಯ ಕೆಲಸಕ್ಕೆ ಹಚ್ಚಿತ್ತು.

ಆ ರೂಢಿಯ ಮೊದಲ ದಾಖಲೆ 1858ರ ಜುಲೈ ತಿಂಗಳದು. ಮುರ್ಷಿದಾಬಾದ್ ಜಿಲ್ಲೆಯ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ರಸ್ತೆಗೆ ಜಲ್ಲಿ ಒದಗಿಸುವ ಕರಾರಿಗೆ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರರ ಅಂಗೈ ಮತ್ತು ಬೆರಳುಗಳಿಗೆ ಕಚೇರಿಯ ಮೊಹರಿಗೆ ಬಳಸುತ್ತಿದ್ದ ಎಣ್ಣೆಮಸಿ ಸವರಿ, ಕಾಗದದ ಹಿಂಬದಿಗೆ ಒತ್ತಿಸಿದರು. ಮುಂದೆ ಆ ಕರಾರಿನ ಸಹಿ ತಮ್ಮದಲ್ಲವೆಂದು ಕೋನಾಯ್ ಹೇಳದಿರಲೆಂಬ ಬೆದರಿಕೆಯೇ ಅದರ ಉದ್ದೇಶವಾಗಿತ್ತಲ್ಲದೆ ಅದರ ಹಿಂದೆ ಶಾಸ್ತ್ರವೇನೂ ಇರಲಿಲ್ಲ. ಹರ್ಷೆಲ್ ಮಾತ್ರ ಆ ಕೌತುಕವನ್ನು ಬಿಡದೆ ಸ್ನೇಹಿತರ, ಅಧಿಕಾರಿಗಳ, ತಮ್ಮದೇ ಬೆರಳುಗಳ ಗುರುತು ಸಂಗ್ರಹಿಸುತ್ತ ಹೋಗಿ, 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟರಾಗಿದ್ದಾಗ ಪಿಂಚಣಿ ವಿತರಣೆ, ದಸ್ತಾವೇಜುಗಳ ನೋಂದಣಿ ಮತ್ತು ಜೈಲು ಈ ಮೂರರಲ್ಲೂ ಅದನ್ನು ಜಾರಿಗೆ ತಂದರು. ಸತ್ತವರ ಪಿಂಚಣಿಯನ್ನು ಇನ್ನಾರೋ ಪಡೆಯುವುದು, ಬರೆದುಕೊಟ್ಟ ಪತ್ರವನ್ನು ಆಮೇಲೆ ಅಲ್ಲಗಳೆಯುವುದು ಆಗ ಕಚೇರಿಗಳಿಗೆ ದಿನದ ತಲೆನೋವಾಗಿತ್ತು.

ಹರ್ಷೆಲ್ ಒದಗಿಸಿದ ಈ ಸಾಮಗ್ರಿಯಿಂದ ಗಾಲ್ಟನ್ ಎರಡು ಸಂಗತಿಗಳನ್ನು ಸಾಧಿಸಿ ತೋರಿಸಿದರು: ಬೆರಳಿನ ಗೆರೆಗಳು ವಯಸ್ಸಿನೊಡನೆ ಹಿಗ್ಗಿದರೂ ವಿನ್ಯಾಸದಲ್ಲಿ ಬದಲಾಗುವುದಿಲ್ಲ, ಮತ್ತು ಗೆರೆ ಕವಲೊಡೆಯುವ, ನಡುವೆ ನಿಂತುಬಿಡುವ, ಸೀಳಿ ಮತ್ತೆ ಕೂಡುವ ಸೂಕ್ಷ್ಮ ಚಿಹ್ನೆಗಳು ಇಬ್ಬರಲ್ಲಿ ಒಂದೇ ಆಗಿರುವ ಸಂಭವ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮೂರನೆಯದನ್ನು ಅವರು ಆಸೆಯಿಂದ ಹುಡುಕಿದರು. ಇಂಗ್ಲಿಷರು, ವೇಲ್ಸ್‌ನವರು, ಯೆಹೂದಿಗಳು, ಆಫ್ರಿಕದವರು, ಕಾಲೇಜು ವಿದ್ಯಾರ್ಥಿಗಳು, ಹೊಲದ ಕೂಲಿಗಳು, ಬುದ್ಧಿಮಾಂದ್ಯರ ಆಶ್ರಮದ ನಿವಾಸಿಗಳು, ಹೀಗೆ ಗುಂಪು ಗುಂಪಾಗಿ ಗುರುತುಗಳನ್ನು ಹೋಲಿಸಿ ನೋಡಿದರೂ ಕುಲವನ್ನಾಗಲಿ ಬುದ್ಧಿಯನ್ನಾಗಲಿ ಸ್ವಭಾವವನ್ನಾಗಲಿ ಸಾರುವ ಚಿಹ್ನೆ ಯಾವುದೂ ಸಿಗಲಿಲ್ಲ. ಜನಾಂಗಗಳನ್ನು ಮೇಲುಕೀಳೆಂದು ನಂಬಿದ್ದ, ಸುಪ್ರಜನನಶಾಸ್ತ್ರಕ್ಕೆ ಹೆಸರಿಟ್ಟ ವ್ಯಕ್ತಿ ತಮ್ಮ ನಿರಾಶೆಯನ್ನು ಮುಚ್ಚಿಡದೆ ಅಚ್ಚು ಹಾಕಿಸಿದ್ದು ಅವರ ಪಾಲಿನ ಪ್ರಾಮಾಣಿಕತೆ ಎನ್ನಬೇಕು. ಅವಳಿಗಳ ಗುರುತುಗಳಲ್ಲೂ ಸಾಮ್ಯ ಕಂಡಿತೇ ಹೊರತು ಏಕತೆ ಕಾಣಲಿಲ್ಲ.

ಗುರುತು ಅನನ್ಯವೆಂದ ಮಾತ್ರಕ್ಕೆ ಪೊಲೀಸರಿಗೆ ಪ್ರಯೋಜನವಾಗಲಿಲ್ಲ, ಏಕೆಂದರೆ ಸಾವಿರಾರು ಚೀಟಿಗಳಲ್ಲಿ ಒಂದನ್ನು ಹುಡುಕುವ ದಾರಿ ಬೇಕಿತ್ತು. ಆ ದಾರಿ ತಯಾರಾದದ್ದು ಕಲ್ಕತ್ತೆಯಲ್ಲಿ, ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯವರ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರಿಂದ. ಪದ್ಧತಿಗೆ ಉಳಿದ ಹೆಸರು ಮಾತ್ರ ಹೆನ್ರಿಯವರದು. ಹತ್ತು ಬೆರಳುಗಳನ್ನು ಐದು ಜೋಡಿ ಮಾಡಿ, ಗೆರೆಗಳು ಸುತ್ತಿ ಬರುವ ಸುಳಿ ಇದ್ದ ಬೆರಳಿಗೆ ಜೋಡಿಯ ಕ್ರಮದಂತೆ 16, 8, 4, 2, 1 ಎಂದು ಬೆಲೆ ಕಟ್ಟಿ, ಕಮಾನು ಅಥವಾ ಕುಣಿಕೆ ಇದ್ದ ಬೆರಳಿಗೆ ಸೊನ್ನೆ ಹಾಕಿ, ಪ್ರತಿ ಜೋಡಿಯ ಒಂದು ಬೆರಳನ್ನು ಭಿನ್ನರಾಶಿಯ ಮೇಲೂ ಇನ್ನೊಂದನ್ನು ಕೆಳಗೂ ಕೂಡಿಸಿ, ಎರಡಕ್ಕೂ ಒಂದೊಂದು ಸೇರಿಸಿದರೆ 1ರಿಂದ 32ರವರೆಗಿನ ಎರಡು ಅಂಕಿಗಳು ಬರುತ್ತವೆ. 32 ಅಡ್ಡಸಾಲು, 32 ಕಂಬಸಾಲು, ಒಟ್ಟು 1,024 ಗೂಡುಗಳ ಕಪಾಟಿನಲ್ಲಿ ಆ ಚೀಟಿಯ ಜಾಗ ಅಲ್ಲಿಗೆ ಗೊತ್ತಾಗುತ್ತದೆ. (ಸಾಮುದ್ರಿಕೆ ಹೇಳುವವರು ಚಕ್ರ, ಶಂಖವೆಂದು ಎಣಿಸುತ್ತ ಬಂದದ್ದೂ ಇಂಥ ಆಕೃತಿಗಳನ್ನೇ, ಆದರೆ ಎಣಿಕೆ ಭಾಗ್ಯಕ್ಕಾಗಿಯೇ ಹೊರತು ಗುರುತಿಗಾಗಿ ಅಲ್ಲ.) 1897ರಲ್ಲಿ ಬ್ರಿಟಿಷ್ ಭಾರತದ ಸರ್ಕಾರ ಪದ್ಧತಿಯನ್ನು ಒಪ್ಪಿತು, 1901ರಲ್ಲಿ ಅದು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಸೇರಿತು.

ವಂಶವಾಹಿ ಮತ್ತು ಅನುಭವಗಳ ಪ್ರಶ್ನೆಗೆ ಈ ಕಪಾಟಿನಲ್ಲೇ ಒಂದು ಉತ್ತರ ಅಡಗಿತ್ತು, ಅದನ್ನು ಕಟ್ಟಿದವರಿಗೆ ಅದು ಬೇಕಿರಲಿಲ್ಲ ಅಷ್ಟೆ. 1924ರಲ್ಲಿ ನಾರ್ವೆಯ ಪ್ರಾಣಿಶಾಸ್ತ್ರಜ್ಞೆ ಕ್ರಿಸ್ಟೀನ್ ಬಾನೆವಿ ಬೆರಳಿನ ಆಕೃತಿಗಳ ಅನುವಂಶೀಯತೆಯನ್ನು ವ್ಯವಸ್ಥಿತವಾಗಿ ಪರಿಶೀಲಿಸಿದರು. ಅನಂತರ ಲಂಡನ್ನಿನಲ್ಲಿ, ಗಾಲ್ಟನ್ ಹೆಸರಿನದೇ ಪ್ರಯೋಗಾಲಯದಲ್ಲಿ, ಸಾರಾ ಹೋಲ್ಟ್ ಅದನ್ನು ಅಂಕಿಗೆ ಇಳಿಸಿದರು. ಮೂರು ದಿಕ್ಕಿನ ಗೆರೆಗಳು ಸಂಧಿಸುವ ಬಿಂದುವಿನಿಂದ ಆಕೃತಿಯ ನಡುವಿಗೆ ಒಂದು ರೇಖೆ ಎಳೆದು, ಅದು ದಾಟುವ ಗೆರೆಗಳನ್ನು ಹತ್ತೂ ಬೆರಳುಗಳಲ್ಲಿ ಎಣಿಸಿ ಕೂಡಿಸಿದರೆ ಬರುವ ಮೊತ್ತ, ಪೂರ್ಣ ಹೊಂದಿಕೆಯನ್ನು 1 ಎಂದಿಟ್ಟುಕೊಂಡರೆ, ಒಂದೇ ಭ್ರೂಣ ಒಡೆದು ಹುಟ್ಟಿದ ಅವಳಿಗಳಲ್ಲಿ 0.95ರಷ್ಟು, ಒಡಹುಟ್ಟಿದವರಲ್ಲಿ 0.50ರಷ್ಟು, ಗಂಡಹೆಂಡಿರಲ್ಲಿ ಹೆಚ್ಚುಕಡಿಮೆ ಸೊನ್ನೆಯಷ್ಟು ಹೊಂದುತ್ತದೆ. ಹೀಗೆ ಗೆರೆಗಳ ಎಣಿಕೆ ಮತ್ತು ಬಹುಮಟ್ಟಿಗೆ ಆಕೃತಿಯ ಬಗೆ ವಂಶದಿಂದ ಬರುವುದರಿಂದ ಚೀಟಿ ಯಾವ ಗೂಡಿಗೆ ಹೋಗಬೇಕೆಂಬುದರಲ್ಲಿ ತಂದೆತಾಯಿಯರ ಪಾಲು ದೊಡ್ಡದು. ಗೂಡಿನೊಳಗೆ ಕೈಹಾಕಿ ಈ ಚೀಟಿ ಇವರದೇ ಎನ್ನಲು ಬೇಕಾದ ಕವಲು, ತುಂಡು, ಸೀಳುಗಳಲ್ಲಿ ಆ ಪಾಲು ಸಾಲದು.

ಆ ಸೂಕ್ಷ್ಮ ಚಿಹ್ನೆಗಳು ಮೂಡುವುದು ಗರ್ಭದ ಸುಮಾರು 10ರಿಂದ 17ನೆಯ ವಾರಗಳ ನಡುವೆ. ಭ್ರೂಣದ ಬೆರಳತುದಿಯಲ್ಲಿ ಮೊದಲು ಉಬ್ಬೊಂದು ಎದ್ದು ಮೆಲ್ಲನೆ ತಗ್ಗುತ್ತದೆ. ಗೆರೆ ಮೂಡುವ ಹೊತ್ತಿಗೆ ಉಬ್ಬು ಎತ್ತರವಾಗಿದ್ದರೆ ಸುಳಿಯೂ ತಗ್ಗಿದ್ದರೆ ಕಮಾನೂ ಆಗುವ ಸಂಭವ ಹೆಚ್ಚು, ಮತ್ತು ಉಬ್ಬಿನ ಗಾತ್ರ, ತಗ್ಗುವ ವೇಳೆ ವಂಶವಾಹಿಗಳ ಹಿಡಿತದಲ್ಲಿವೆ. 2023ರಲ್ಲಿ ಎಡಿನ್‌ಬರೋದ ಸಂಶೋಧಕರು ತೋರಿಸಿದಂತೆ ಗೆರೆಗಳು ಉಬ್ಬಿನ ನಡು, ಉಗುರಿನಡಿಯ ತುದಿ, ಗಿಣ್ಣಿನ ಮಡಿಕೆ ಎಂಬ ಮೂರು ನೆಲೆಗಳಿಂದ ಅಲೆಯಲೆಯಾಗಿ ಹೊರಟು ಪರಸ್ಪರ ಸಂಧಿಸುತ್ತವೆ. ಅಲೆಗಳು ಎಲ್ಲಿ ಕೂಡುತ್ತವೆ, ಯಾವ ಗೆರೆ ಎಲ್ಲಿ ಕವಲೊಡೆಯುತ್ತದೆ ಎಂಬುದು ಆ ಕ್ಷಣದ ಚರ್ಮದ ಬೆಳವಣಿಗೆ, ಒತ್ತಡಗಳಂಥ ಚಿಕ್ಕಪುಟ್ಟ ಸಂದರ್ಭಗಳಿಗೆ ಬಿಟ್ಟದ್ದು. ಇದಕ್ಕೆ ಅವಳಿಗಳನ್ನೇ ಹುಡುಕಬೇಕಿಲ್ಲ: ಒಬ್ಬರದೇ ಹತ್ತು ಬೆರಳುಗಳಲ್ಲಿ ವಂಶವಾಹಿಗಳು ಒಂದೇ, ಗುರುತು ಹತ್ತು. ಹಾಗೆಂದು ವಂಶವಾಹಿ ಅಮುಖ್ಯವೂ ಅಲ್ಲ. ಸ್ವಿಟ್ಜರ್‌ಲೆಂಡಿನ ಒಂದು ಕುಟುಂಬದಲ್ಲಿ ಒಂದೇ ವಂಶವಾಹಿಯ ದೋಷದಿಂದ ಬೆರಳುಗಳಲ್ಲಿ ಗೆರೆಗಳೇ ಇಲ್ಲದವರು ಹುಟ್ಟಿರುವುದನ್ನು 2011ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ.

ಹುಟ್ಟಿದ ಮೇಲಿನ ಅನುಭವಕ್ಕೆ ಈ ಗೆರೆಗಳನ್ನು ತಿದ್ದುವ ಶಕ್ತಿಯಿಲ್ಲ, ಸವೆಸುವ ಶಕ್ತಿ ಮಾತ್ರ ಇದೆ. ಸುಣ್ಣ ಸಿಮೆಂಟುಗಳಲ್ಲಿ ಕೈಯಾಡಿಸುವ ಗಾರೆಯವರ, ಇಟ್ಟಿಗೆ ಹೊರುವವರ, ವಯಸ್ಸಾದವರ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಎಷ್ಟೋ ಸಲ ಓದುವುದಿಲ್ಲ. ಆಧಾರ್ ನೋಂದಣಿಯಲ್ಲಿ ಹತ್ತು ಬೆರಳುಗಳ ಜೊತೆಗೆ ಎರಡೂ ಕಣ್ಣುಗಳ ಪಾಪೆಯ ಚಿತ್ರವನ್ನು ಸೇರಿಸಿರುವುದರಿಂದ ಅಂಥವರಿಗೂ ಗುರುತಿನ ಇನ್ನೊಂದು ದಾರಿ ಉಂಟು. ಆ ಪಾಪೆಯ ಬಣ್ಣ ವಂಶದಿಂದ ಬರುವಂಥದು, ಆದರೆ ಯಂತ್ರ ಓದುವ ಅದರ ಎಳೆಗಳ ವಿನ್ಯಾಸ ಒಂದೇ ಭ್ರೂಣದ ಅವಳಿಗಳಲ್ಲೂ, ಒಬ್ಬರದೇ ಎಡ ಬಲ ಕಣ್ಣುಗಳಲ್ಲೂ ಬೇರೆಬೇರೆ.