ಹಗೇವು ತುಂಬಿದ ಮನೆ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ನಮ್ಮ ಹಿತ್ತಲಿನ ಹಗೇವು ನೆನಪಾಯಿತು. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಅದರಲ್ಲಿ ರಾಗಿ ಇರಲಿಲ್ಲ. ಬಾಯಿಗೆ ಒಂದು ಚಪ್ಪಡಿ ಎಳೆದಿದ್ದರು. ‘ಆ ಕಲ್ಲು ಸರಿಸೀಯೆ, ಜೋಕೆ’ ಎಂದು ಅಜ್ಜಿ ಗದರುತ್ತಿದ್ದರು. ಏಕೆಂದು ಆಗ ತಿಳಿದಿರಲಿಲ್ಲ.

ಹಿಂದೆ ನಮ್ಮ ಕಡೆ ಒಂದು ಮನೆ ನೆಮ್ಮದಿಯಾಗಿದೆ ಎಂದರೆ ಆ ಮನೆಯಲ್ಲಿ ಹಣವಿದೆ ಎಂದು ಅರ್ಥವಲ್ಲ, ಮುಂದಿನ ಸುಗ್ಗಿಯವರೆಗೆ ಕಾಳಿಗಾಗಿ ಯಾರ ಬಾಗಿಲಿಗೂ ಹೋಗಬೇಕಿಲ್ಲ ಎಂದು ಅರ್ಥ. ಲೆಕ್ಕ ಹಾಕಿ ನೋಡೋಣ. ಎಂಟು ಜನರ ಮನೆ, ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ರಾಗಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,460 ಕಿಲೋ ಬೇಕು. ಮುಂದಿನ ವರ್ಷ ಮಳೆ ಕೈಕೊಟ್ಟರೆ ಎಂದು ಇನ್ನೊಂದು ವರ್ಷದ್ದನ್ನೂ ಇಟ್ಟುಕೊಂಡರೆ ಹೆಚ್ಚುಕಡಿಮೆ 29 ಕ್ವಿಂಟಾಲ್. ಗೋದಾಮು, ಔಷಧಿ, ಕರೆಂಟು ಯಾವುದೂ ಇಲ್ಲದ ಕಾಲದಲ್ಲಿ ಇಷ್ಟನ್ನು ಕೆಡದಂತೆ ಇಟ್ಟದ್ದು ಈ ಹಗೇವಿನಲ್ಲೇ.

ಹಗೇವು ತೆಗೆಯಲು ನೀರು ನಿಲ್ಲದ ಎತ್ತರದ ಜಾಗ ಮತ್ತು ಗಟ್ಟಿ ನೆಲ ಬೇಕು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹೊಟ್ಟೆಯಂತೆ ಅಗಲ. ಒಳಗೆ ಬೆಂಕಿ ಹಾಕಿ ತೇವ ಆರಿಸಿ, ಗೋಡೆಗೆ ಒಣ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಮುಗಿಯಿತು. ರಾಗಿ ಹಾಗೆ ವರ್ಷಗಟ್ಟಲೆ ಇರುತ್ತಿತ್ತು. ಟಿಪ್ಪುವಿನ ಮರಣದ ನಂತರ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ರಾಗಿ ತುಂಬಿಡುವ ಈ ನೆಲದ ಗುಂಡಿಗಳ ಬಗ್ಗೆಯೂ ಬರೆದಿದ್ದಾನೆ. ದಂಡು, ದರೋಡೆ, ಬೆಂಕಿ ಇವುಗಳ ಭಯವಿದ್ದ ಕಾಲದಲ್ಲಿ ನೆಲದೊಳಗಿನ ಕಾಳು ಮನೆಯೊಳಗಿನದಕ್ಕಿಂತ ಭದ್ರವಾಗಿತ್ತು.

ಇದರ ಗುಟ್ಟು ಸರಳ. ಮುಚ್ಚಿದ ಮೇಲೂ ಕಾಳು ಮತ್ತು ಒಳಗಿದ್ದ ಹುಳುಗಳು ಉಸಿರಾಡುತ್ತವೆ. ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಅಜ್ಜಿ ಗದರುತ್ತಿದ್ದುದೂ ಇದೇ ಕಾರಣಕ್ಕೆ. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಿರಿಯರು ಕಲ್ಲು ತೆಗೆದು ಬಹಳ ಹೊತ್ತು ಹಾಗೇ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಈಗಲೂ ಹಿತ್ತಲಿನಲ್ಲಿ ಹಳೆಯ ಹಗೇವು ಇರುವವರು ಮಕ್ಕಳನ್ನು ಅದರ ಬಳಿ ಬಿಡಬಾರದು, ದೀಪ ನಂಬಿ ತಾವೂ ಇಳಿಯಬಾರದು.

ರಾಗಿಯೊಂದರಿಂದಲೇ ಸಂಸಾರ ನಡೆಯುತ್ತಿರಲಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ವಾಡೆಗೆ ತುಂಬುತ್ತಿದ್ದರು. ಬಿತ್ತನೆ ಕಾಳಿಗೆ ಬೂದಿ ಬೆರೆಸಿ ಬೇವಿನ ಸೊಪ್ಪು ಹಾಕುತ್ತಿದ್ದರು. ಹುಣಸೆಹಣ್ಣನ್ನು ಉಪ್ಪು ಬೆರೆಸಿ ಮಡಕೆಗೆ ಅದುಮುತ್ತಿದ್ದರು. ಬೇಸಿಗೆಯಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಮಳೆ ಹಿಡಿಯುವ ಮುಂಚೆ ಸೌದೆ, ಬೆರಣಿ. ದನಗಳಿಗೆ ಹುಲ್ಲಿನ ಮೆದೆ. ಇಷ್ಟೆಲ್ಲ ಇದ್ದರೂ ಉಪ್ಪು, ಕಬ್ಬಿಣ, ಬಟ್ಟೆಗೆ ಸಂತೆಗೆ ಹೋಗಲೇಬೇಕಿತ್ತು. ನೇಗಿಲು ಮಾಡುವ ಬಡಗಿ, ಕುಳ ತಟ್ಟುವ ಕಮ್ಮಾರ, ಮಡಕೆ ಕೊಡುವ ಕುಂಬಾರ ಇವರಿಗೆಲ್ಲ ಕಣದಲ್ಲೇ ಆಯ ಅಳೆದುಕೊಟ್ಟ ಮೇಲೆ ಉಳಿದದ್ದು ಮನೆಗೆ ಬರುತ್ತಿತ್ತು. ಹಾಗಾಗಿ ಒಂದು ಮನೆಯ ಸ್ವಾವಲಂಬನೆ ಎಂದು ನಾವು ಕರೆಯುವುದು ನಿಜವಾಗಿ ಇಡೀ ಊರಿನ ದುಡಿಮೆಯಾಗಿತ್ತು.

ಹಳೆಯದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಹೊಲವಿದ್ದವನಿಗೆ ಮಾತ್ರ ಹಗೇವು. ಆ ಹಗೇವು ತೋಡಿದ, ಹೊಲ ಕೊಯ್ದ, ಕಣ ಮಾಡಿದ ಕೂಲಿಯವನ ಗುಡಿಸಲಲ್ಲಿ ಇದ್ದದ್ದು ಒಂದೆರಡು ಮಡಕೆ. ಮಳೆಗಾಲ ಬಂದರೆ ಅವನು ದೊಡ್ಡವರ ಬಾಗಿಲಲ್ಲಿ ನಿಂತು ಬಡ್ಡಿಗೆ ಕಾಳು ತರಬೇಕಿತ್ತು.

ಈ ವ್ಯತ್ಯಾಸದ ಬೆಲೆ ಏನೆಂದು 1876-78ರ ಬರ ತೋರಿಸಿತು. ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರ ಎನ್ನುತ್ತಿದ್ದರು. 1876ರಲ್ಲಿ ಮಳೆ ಹೋಯಿತು. ಕೂಲಿ ನಿಂತಿತು, ಕಾಳಿನ ಬೆಲೆ ಏರಿತು. ಮೊದಲು ಸತ್ತವರು ಕೂಡಿಡಲು ಏನೂ ಇಲ್ಲದವರು. ಬೆಂಗಳೂರಿಗೆ ಮದ್ರಾಸಿನ ಕಡೆಯಿಂದ ರೈಲು 1864ರಲ್ಲೇ ಬಂದಿತ್ತು, ಅದರಲ್ಲಿ ಧಾನ್ಯವೂ ಬಂತು. ಆದರೆ ನಿಲ್ದಾಣದಿಂದ ಹಳ್ಳಿಗೆ ಎತ್ತಿನ ಗಾಡಿಯೇ ಗತಿ, ಬರದಲ್ಲಿ ಎತ್ತುಗಳೂ ಸಾಯುತ್ತಿದ್ದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ನಂತರ, 1881ರಲ್ಲಿ ಅದು 41,86,188. ಬೆಳೆಯಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಮನೆಮನೆಯ ಹಗೇವು ನಾಡನ್ನು ಕಾಯಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸ್ವಾತಂತ್ರ್ಯದ ನಂತರ ಕಾಳು ಕೂಡಿಡುವ ಹೊಣೆಯನ್ನು ಸರ್ಕಾರ ದೊಡ್ಡ ಮಟ್ಟದಲ್ಲಿ ಹೊತ್ತಿತು. 1965ರಲ್ಲಿ ಭಾರತೀಯ ಆಹಾರ ನಿಗಮ ಬಂತು. ನ್ಯಾಯಬೆಲೆ ಅಂಗಡಿಗಳು ಹಳ್ಳಿ ತಲುಪಿದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರೂಪಿಸಿದ ಇಂಡಾಫ್ ತಳಿಗಳು ರಾಗಿಯ ಇಳುವರಿ ಹೆಚ್ಚಿಸಿದವು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು, ಅದೇ ವರ್ಷ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು. ಗೋಣಿಚೀಲ, ಬೋರ್‌ವೆಲ್, ತೆಂಗು ಬಂದ ಮೇಲೆ ನಮ್ಮ ಮನೆಯ ಹಗೇವು ಖಾಲಿಯಾಯಿತು. ಅದು ಖಾಲಿಯಾದದ್ದಕ್ಕೆ ನನಗೆ ದುಃಖವಿಲ್ಲ. ಕೂಲಿಯವನ ಮನೆಗೂ ಕಾಳು ಹಕ್ಕಿನಿಂದ ಬರುವಂತಾದದ್ದು ದೊಡ್ಡ ಮಾತು.

ದುಃಖವಿರುವುದು ಅದರ ಜೊತೆ ತಿಳಿವಳಿಕೆಯೂ ಹೋಗುತ್ತಿರುವುದಕ್ಕೆ. 1980ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದೆ ಕೆಡದಂತೆ ಇಡಲು ಗಾಳಿಯಾಡದ ಮೂರು ಪದರದ ಚೀಲ ರೂಪಿಸಿದರು. ಅದು ಕೆಲಸ ಮಾಡುವ ಬಗೆಯೂ ಹಗೇವಿನದೇ. ಪಿ.ಯು.ಸಿ., ಬಿ.ಇ. ಓದಿದ ನಾನು ಇದನ್ನು ತಿಳಿದದ್ದು ಕಂಪ್ಯೂಟರಿನ ಮುಂದೆ ಕುಳಿತು. ಅಜ್ಜಿ ಬದುಕಿದ್ದಾಗ ಅವರನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಎಷ್ಟು ದಿನ ಒಣಗಿಸಬೇಕು, ಕಾಳು ಒಣಗಿದೆ ಎಂದು ಹಲ್ಲಿಗೆ ಹೇಗೆ ಗೊತ್ತಾಗುತ್ತದೆ, ಯಾವ ತಿಂಗಳಲ್ಲಿ ಬಾಯಿ ತೆರೆಯಬಾರದು ಎಂಬುದೆಲ್ಲ ಅವರೊಂದಿಗೇ ಹೋಯಿತು.

ನಮ್ಮ ಶಾಲೆಯ ಬಿಸಿಯೂಟದ ಉಗ್ರಾಣವೂ ಒಂದು ಹಗೇವೇ, ಯಾರ ಮನೆಯ ಮಗುವೆಂದು ಕೇಳದ ಹಗೇವು. ಅದರ ಅನ್ನ ಉಣ್ಣುತ್ತಿರುವ ಮಕ್ಕಳಲ್ಲಿ ನನ್ನದೊಂದು ವಿನಂತಿ. ಈ ಬೇಸಿಗೆ ರಜೆಯಲ್ಲಿ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಹಿರಿಯರ ಬಳಿ ಕುಳಿತು, ಕಾಳು ಹೇಗೆ ಕೂಡಿಡುತ್ತಿದ್ದರು, ಬರದಲ್ಲಿ ಹೇಗೆ ಬದುಕಿದರು ಎಂದು ಕೇಳಿ, ನೋಟ್ ಪುಸ್ತಕದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಹೊಲವಿದ್ದವರನ್ನು ಕೇಳಿದಂತೆ ಇಲ್ಲದವರನ್ನೂ ಕೇಳಿ. ಶತಮಾನೋತ್ಸವದ ಸಂಚಿಕೆ ಬರೆಯುವವರಿಗೆ ಅದು ಬಿತ್ತನೆ ಕಾಳಾಗಲಿ.